ಒಣಗದ ಹೆಗಲು

ಅಮ್ಮ ಯಾರನ್ನೇ ನೋಡಲಿ, ಮೊದಲು ನೋಡುವುದು ಹೆಗಲನ್ನು. ಮುಖ ಆಮೇಲೆ. ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಅವಳು ಗಂಡಸರ ಅಂಗಿ, ಕೋಟು ಹೊಲಿಯುತ್ತಾಳೆ. ಗಿರಾಕಿ ಬಾಗಿಲು ದಾಟುವಷ್ಟರಲ್ಲಿ ಅವನ ಯಾವ ಹೆಗಲು ಇಳಿದಿದೆ ಎಂದು ಅವಳಿಗೆ ತಿಳಿದಿರುತ್ತದೆ. ಬಾಯಿಬಿಟ್ಟು ಹೇಳುವುದಿಲ್ಲ. ಇಳಿದ ಕಡೆ ಒಳಗಿನಿಂದ ತೆಳುವಾದ ಹತ್ತಿಯ ಪ್ಯಾಡ್ ಇಟ್ಟು ಹೊಲಿದುಬಿಡುತ್ತಾಳೆ. ಗಿರಾಕಿ ಕನ್ನಡಿಯಲ್ಲಿ ತನ್ನನ್ನೇ ನೋಡಿಕೊಂಡು, "ನಿಮ್ಮ ಹೊಲಿಗೆಯಲ್ಲಿ ಏನೋ ಇದೆ" ಎಂದು ಖುಷಿಯಿಂದ ಹೋಗುತ್ತಾನೆ. ಅವನು ಬೀದಿ ತಿರುಗಿದ ಮೇಲೆ ಅಮ್ಮ, "ಇದೆ, ಹತ್ತಿ" ಎನ್ನುತ್ತಾಳೆ.

ಅಪ್ಪನ ಬಲ ಹೆಗಲೂ ಇಳಿದಿದೆ. ನೀರಿನ ಪಂಪು ರಿಪೇರಿ ಅಪ್ಪನ ಕೆಲಸ. ಸ್ಪ್ಯಾನರು, ಪೈಪಿನ ತುಂಡು ತುಂಬಿದ ಚೀಲವನ್ನು ಮದುವೆಗೆ ಮುಂಚಿನಿಂದಲೂ ಅದೇ ಹೆಗಲಿಗೆ ಹಾಕಿಕೊಂಡು ಓಡಾಡಿದ್ದು. ಅಂಗಿ ತೊಟ್ಟರೆ ಹೊರಗಿನವರಿಗೆ ಏನೂ ಕಾಣುವುದಿಲ್ಲ. ಬನಿಯನ್ನಿನಲ್ಲಿ ನೋಡುವ ನಮಗೆ ಗೊತ್ತು, ಆದರೆ ಮನೆಯಲ್ಲಿ ಯಾರೂ ಅದರ ಮಾತೆತ್ತುವುದಿಲ್ಲ. ತಾನು ಇಡುವ ಪ್ಯಾಡು ಅಪ್ಪನಿಗೆ ತಿಳಿದಿಲ್ಲ ಎಂದೇ ಅಮ್ಮ ನಂಬಿಕೊಂಡಿದ್ದಳು.

ಮಾತೆತ್ತಿದವಳು ನನ್ನ ತಂಗಿ. ಚಿಕ್ಕವಳಿದ್ದಾಗ ಅಮ್ಮ ಅಳತೆಗೆ ಕತ್ತರಿಸಿಟ್ಟ ಕಾಗದಗಳನ್ನೆಲ್ಲ ಹರಿದು ಹಾಕುತ್ತಿದ್ದಳು ಎಂದು ಅವಳಿಗೆ ಇಲಿ ಎಂದು ಹೆಸರು. ಈಗ ಕಲಾಶಾಲೆಯ ಕೊನೆಯ ವರ್ಷದಲ್ಲಿ ಶಿಲ್ಪ ಕಲಿಯುತ್ತಿದ್ದರೂ ಕಾಗದದ ಚಟ ಬಿಟ್ಟಿಲ್ಲ. ಜೊತೆಯವರು ಪ್ಲಾಸ್ಟರು, ಕಬ್ಬಿಣ, ಮರ ಎಂದು ಹುಡುಕಾಡುವಾಗ ಇವಳು ಮೈದಾ ಅಂಟು, ಹ್ಯಾಂಗರಿನ ತಂತಿ, ಕಂದು ಕಾಗದ ಹಿಡಿದು ಕೂತಳು. ಅವಳ ಮೇಷ್ಟ್ರಿಗೆ ವಿದ್ಯಾರ್ಥಿಗಳು ಇಟ್ಟ ಹೆಸರು ಕಲ್ಲು ಮೇಷ್ಟ್ರು. ಕಲ್ಲನ್ನು ಬಿಟ್ಟು ಬೇರೆ ಯಾವುದಕ್ಕೂ ಅವರು ಮನಸ್ಸಿನಲ್ಲಿ ಜಾಗ ಕೊಟ್ಟವರಲ್ಲ. ನಡುವಿನ ಪರೀಕ್ಷೆಯಲ್ಲಿ ಅವರು ಇಲಿಗೆ ನೇರವಾಗಿ ಹೇಳಿದ್ದರಂತೆ: "ಕಾಗದದಲ್ಲಿ ಮಾಡೋದು ತಯಾರಿ. ಶಿಲ್ಪ ಅಲ್ಲ. ಕೊನೇ ಸಲಕ್ಕೂ ಇದನ್ನೇ ತಂದರೆ ಮುಂದಿನ ವರ್ಷವೂ ನನ್ನ ಮುಖ ನೋಡಬೇಕಾಗುತ್ತೆ."

ಇದನ್ನು ಕೇಳಿ ನನಗೆ ಎರಡು ಹೊತ್ತು ಊಟ ಸೇರಲಿಲ್ಲ. ಇಲಿ ಮಾತ್ರ ತಟ್ಟೆ ಖಾಲಿ ಮಾಡಿ ಕೈ ತೊಳೆದಳು.

"ಸ್ವಲ್ಪ ಪ್ಲಾಸ್ಟರ್ ಬಳಿದುಬಿಡೇ ಮೇಲೆ. ಅವರ ಮನಸ್ಸಿಗೂ ಸಮಾಧಾನ," ಎಂದೆ.

"ಅಕ್ಕ, ನೀನು ಅವರ ಮನಸ್ಸು ನೋಡ್ಕೋ. ನಾನು ಅಪ್ಪನ್ನ ನೋಡ್ಕೋತೀನಿ."

ಅವಳ ಯೋಚನೆ ಇಷ್ಟೇ. ಅಪ್ಪನ ಅಂಗಿಗಳಿಗೆಂದು ಅಮ್ಮ ಕತ್ತರಿಸಿದ ಕಾಗದಗಳು ಒಂದು ಟ್ರಂಕಿನ ತುಂಬ ಇದ್ದವು. ಅಂಚಿನಲ್ಲಿ ಅಮ್ಮನ ಪೆನ್ಸಿಲ್ ಗುರುತು, ಗುಂಡುಸೂಜಿ ಚುಚ್ಚಿದ ತೂತು. ಆ ಕಾಗದಗಳಲ್ಲಿ ಎರಡೂ ಹೆಗಲು ಒಂದೇ ಎತ್ತರ. ಅದೇ ಕಾಗದವನ್ನು ಅಪ್ಪನ ಮೈಮೇಲೆ ಪದರ ಪದರವಾಗಿ ಅಂಟಿಸಿ, ಒಣಗಿದ ಮೇಲೆ ಚಿಪ್ಪಿನ ಹಾಗೆ ಬಿಡಿಸಿದರೆ ಕಾಗದ ಅಮ್ಮನದು, ಆಕಾರ ಅಪ್ಪನದು.

"ಅಮ್ಮ ಬರೆದಿದ್ದು ಒಂದು, ಅಪ್ಪ ಇರೋದು ಒಂದು. ಎರಡೂ ಒಂದೇ ಕಡೆ ಕಾಣಬೇಕು," ಎಂದಳು. ಮುದ್ರಣಾಲಯದಲ್ಲಿ ಕರಡು ತಿದ್ದುವ ನನಗೆ ಆ ಮಾತಿನಲ್ಲಿ ತಿದ್ದಲು ಏನೂ ಸಿಗಲಿಲ್ಲ.

ಭಾನುವಾರ ಬೆಳಿಗ್ಗೆ ಅಪ್ಪನನ್ನು ಅಡುಗೆಮನೆಯಲ್ಲಿ ನಿಲ್ಲಿಸಿದಳು. ಹಳೆಯ ಬನಿಯನ್ನಿನ ಮೇಲೆ ತೆಳು ಪ್ಲಾಸ್ಟಿಕ್ ಸುತ್ತಿ, ಬೆಚ್ಚಗಿನ ಮೈದಾ ಅಂಟಿನಲ್ಲಿ ಕಾಗದದ ಪಟ್ಟಿ ಅದ್ದಿ ಅದ್ದಿ ಅಂಟಿಸಿದಳು. ನಾನು ಪಟ್ಟಿ ಹರಿದು ಕೊಡುತ್ತಿದ್ದೆ. ಅಮ್ಮ ಬಾಗಿಲಲ್ಲಿ ನಿಂತು ತನ್ನ ಬಟ್ಟೆ ಕತ್ತರಿಯನ್ನು ಕಾಯುತ್ತಿದ್ದಳು. ಆ ಕತ್ತರಿ ಕಾಗದಕ್ಕೆ ತಾಕಿದರೆ ಮೊಂಡಾಗುತ್ತದೆ ಎಂದು ಅದನ್ನು ನಮಗೆ ಮುಟ್ಟಲೂ ಬಿಟ್ಟವಳಲ್ಲ.

"ಉಸಿರಾಡಬಹುದಾ?" ಅಪ್ಪ ಕೇಳಿದ.

"ಆಡು. ಮಾತಾಡಬೇಡ."

"ಮೂಗು ಕೆರೀತಿದೆ."

"ಅಕ್ಕ, ಅಪ್ಪನ ಮೂಗು ಕೆರಿ."

ನಾನು ಕೆರೆದೆ. "ಇನ್ನೂ ಸ್ವಲ್ಪ ಎಡಕ್ಕೆ," ಎಂದ ಅಪ್ಪ.

"ನೆಟ್ಟಗೆ ನಿಂತ್ಕೊಳ್ರೀ," ಎಂದಳು ಅಮ್ಮ.

"ಬೇಡಪ್ಪ. ನೀನು ಹೇಗಿರ್ತೀಯೋ ಹಾಗೇ ನಿಲ್ಲು," ಎಂದಳು ಇಲಿ. ಅಪ್ಪ ಇಬ್ಬರ ಮುಖವನ್ನೂ ನೋಡಿ, ಹೇಗಿರುತ್ತಾನೋ ಹಾಗೇ ನಿಂತ. ಅಮ್ಮ ಕತ್ತರಿ ಎತ್ತಿಕೊಂಡು ಒಳಗೆ ಹೋದಳು.

ಫ್ಯಾನಿನ ಮುಂದೆ ನಿಲ್ಲಿಸಿ, ಸಾಕಷ್ಟು ಗಟ್ಟಿಯಾದ ಮೇಲೆ ಬೆನ್ನಿನ ನಡುವೆ ಸೀಳಿ ಬಿಡಿಸಿದ್ದಾಯಿತು. ಸೀಳನ್ನು ಮತ್ತೆ ಅಂಟಿಸಿ, ಒಳಗೆ ತಂತಿಯ ಆಸರೆ ಕೊಟ್ಟು, ಇಲಿ ಅದನ್ನು ಹಳೆಯ ಸ್ಟೂಲಿನ ಮೇಲೆ ಕೂರಿಸಿದಳು. ತಲೆ ಇಲ್ಲ, ಕೈ ಇಲ್ಲ. ಕುತ್ತಿಗೆಯ ಬುಡದಿಂದ ಸೊಂಟದವರೆಗೆ ಕಂದು ಕಾಗದದ ಒಂದು ಮೈ. ಆದರೂ ಬೀದಿಯಲ್ಲಿ ನೂರು ಜನರ ನಡುವೆ ನಿಲ್ಲಿಸಿದರೂ ನಮ್ಮಪ್ಪ ಎಂದು ಹೇಳಬಹುದಿತ್ತು, ಆ ಬಲ ಹೆಗಲಿನಿಂದ.

ಒಣಗಲೆಂದು ಅದು ಅಮ್ಮನ ಕೋಣೆಯಲ್ಲಿ, ಹೊಲಿಗೆ ಮಷಿನ್ನಿನ ಎದುರಿಗೇ ನಿಂತಿತು. ಅಮ್ಮ ಬಾಬಿನ್ ಬದಲಿಸುವಾಗ ನೋಡುವಳು, ದಾರ ಕಚ್ಚುವಾಗ ನೋಡುವಳು. ಒಮ್ಮೆ ನನ್ನನ್ನು ಕೇಳಿದಳು: "ಇವಳ ಕಲಾಶಾಲೆಗೆ ತುಂಬ ಜನ ಬರ್ತಾರಾ?"

"ಪ್ರದರ್ಶನಕ್ಕೆ ಆಯ್ಕೆಯಾದರೆ ಬರ್ತಾರೆ."

"ಎಲ್ಲಾ ಗುರುತಿಲ್ಲದೋರು."

"ಹೂಂ."

ಅಮ್ಮ ಮಷಿನ್ ತುಳಿದಳು.

ಪರೀಕ್ಷೆಯ ದಿನ ಬೆಳಿಗ್ಗೆ ಇಲಿ ಸ್ನಾನಕ್ಕೆ ಹೋಗಿದ್ದಳು. ಗಾಡಿಯವನು ಬರುವುದರೊಳಗೆ ಬಾಗಿಲಲ್ಲಿ ಆ ಆಕೃತಿ ಹಿಡಿಸುತ್ತದೋ ಇಲ್ಲವೋ ನೋಡೋಣ ಎಂದು ನಾನು ಅದರ ಹತ್ತಿರ ಹೋದೆ. ಯಾಕೋ ಮನಸ್ಸಿಗೆ ಸರಿಬರಲಿಲ್ಲ. ಒಂದೂ ತಪ್ಪಿಲ್ಲದ ಪುಟ ಕಂಡರೆ ನನಗೆ ಅನುಮಾನ ಬರುತ್ತದೆ, ಹಾಗೆ ಅನಿಸಿತು. ಎರಡು ಹೆಜ್ಜೆ ಹಿಂದೆ ಸರಿದು ನೋಡಿದೆ. ಹೆಗಲುಗಳು ಸಮವಾಗಿದ್ದವು.

ಮುಟ್ಟಿದೆ. ಎಡ ಹೆಗಲು ಒಣಗಿ ಡಬ್ಬದ ಹಾಗೆ ಟೊಣ್ ಎನ್ನುತ್ತಿತ್ತು. ಬಲ ಹೆಗಲು ತಣ್ಣಗೆ, ಹಸಿ. ಅಂಚು ಎಲ್ಲಿ ಎಂದು ಉಗುರಿನಿಂದ ಹುಡುಕಿದರೂ ಸಿಗದಷ್ಟು ನಯವಾಗಿ ಯಾರೋ ಅದರ ಮೇಲೆ ಪ್ಯಾಡ್ ಕೂರಿಸಿ, ಕಾಗದ ಹೊದಿಸಿದ್ದರು. ಯಾರೋ ಎನ್ನುವುದೇನು ಬಂತು. ಆ ಕೈ ನಮ್ಮ ಮನೆಯಲ್ಲಿ ಒಬ್ಬರಿಗೇ ಇರುವುದು.

ಅಮ್ಮ ಬೆನ್ನು ತಿರುಗಿಸಿಕೊಂಡು ಸೂಜಿಗೆ ದಾರ ಪೋಣಿಸುತ್ತಿದ್ದಳು. ಪೋಣಿಸುತ್ತಲೇ ಇದ್ದಳು.

ಬಚ್ಚಲಿನಲ್ಲಿ ನೀರಿನ ಸದ್ದು ನಿಂತಿತು. ಹೇಳದೆ ಇದ್ದರೆ ಗಾಡಿ ಹತ್ತಿಸುವ ಗಡಿಬಿಡಿಯಲ್ಲಿ ಇಲಿಗೆ ಗೊತ್ತಾಗದಿರಬಹುದು. ಕಲ್ಲು ಮೇಷ್ಟ್ರು ಒಂದು ಸಾದಾ ಕಾಗದದ ಬೊಂಬೆ ನೋಡಿ, ಇಷ್ಟೇನಾ ಎಂದು ಮುಂದೆ ಹೋಗುತ್ತಾರೆ. ಹೇಳಿದರೆ ಅಮ್ಮನಿಗೂ ಅವಳಿಗೂ ಈ ಬೆಳಿಗ್ಗೆಯೇ ಹತ್ತಿಕೊಳ್ಳುತ್ತದೆ. ಇನ್ನೊಂದು ಮಾತೂ ಇತ್ತು: ಹಸಿ ಇರುವಾಗ ಮೇಲಿನ ಕಾಗದ ಸುಲಭವಾಗಿ ಬಿಡುತ್ತದೆ, ಒಣಗಿದರೆ ಕೆಳಗಿನ ಹೆಗಲನ್ನೂ ಕಿತ್ತುಕೊಂಡು ಬರುತ್ತದೆ. ಕಾಯುವಂತಿರಲಿಲ್ಲ.

"ಇಲಿ," ಎಂದು ಕೂಗಿದೆ. "ಇಲ್ಲಿ ಬಾ. ಬಲ ಹೆಗಲು ಮುಟ್ಟಿ ನೋಡು."

ಒದ್ದೆ ತಲೆಗೆ ಟವೆಲ್ ಸುತ್ತಿಕೊಂಡೇ ಬಂದಳು. ನೋಡಿದಳು, ಮುಟ್ಟಲಿಲ್ಲ.

"ಪೇಸ್ಟ್ ಮಾತ್ರನಾ? ಹೊಲಿಗೆನೂ ಹಾಕಿದ್ಯಾ?" ಅಮ್ಮನ ಬೆನ್ನಿಗೆ ಕೇಳಿದಳು.

"ಪೇಸ್ಟ್‌ನ ಯಾರು ನಂಬ್ತಾರೆ," ಎಂದಳು ಅಮ್ಮ. ಆಮೇಲೆ ತಿರುಗಿದಳು. "ನೋಡು, ನಿಮ್ಮಪ್ಪ ಸೊಟ್ಟ ಅಂತ ನಾಲ್ಕು ಜನ ಬೆರಳು ತೋರಿಸಿ ಮಾತಾಡಬಾರದು. ಇಷ್ಟು ವರ್ಷ ಒಬ್ಬರ ಕಣ್ಣಿಗೂ ಬೀಳದ ಹಾಗೆ ನೋಡ್ಕೊಂಡು ಬಂದಿದೀನಿ. ಅವರಿಗೇ ಗೊತ್ತಾಗದ ಹಾಗೆ."

ಬಾಗಿಲ ಬಳಿ ಚೀಲ ತುಂಬುತ್ತಿದ್ದ ಅಪ್ಪ ತಲೆಯೆತ್ತಿದ. "ಯಾವುದು ನನಗೆ ಗೊತ್ತಾಗಲಿಲ್ಲ?"

ಅಮ್ಮ ಕೈಯಲ್ಲಿದ್ದ ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡಳು.

"ಪ್ಯಾಡಾ?" ಎಂದ ಅಪ್ಪ. "ಬಟ್ಟೆ ಒಣಹಾಕೋನು ನಾನು ಕಣೇ. ಅಂಗಿಯೆಲ್ಲಾ ಒಣಗಿದ್ರೂ ಬಲಗಡೆ ಹೆಗಲು ಮಾತ್ರ ಒಣಗಲ್ಲ. ಬೇಸಿಗೆ ಬಿಟ್ಟರೆ ಬಾಕಿ ದಿನ ಹಸಿ ಹೆಗಲಲ್ಲೇ ಕೆಲಸಕ್ಕೆ ಹೋಗಿರೋದು."

ಅಮ್ಮನ ಮುಖ ನೋಡುವಂತಿತ್ತು. "ಮತ್ತೆ ಹೇಳೋದಲ್ವಾ?"

"ನೀನು ಹೇಳಿದ್ಯಾ?"

ಅಪ್ಪ ಎದ್ದು ಬಂದು ಆಕೃತಿಯ ಮುಂದೆ ನಿಂತ. ಒಂದು ಸಲ ಅದರ ಹೆಗಲು, ಒಂದು ಸಲ ಗಿರಾಕಿಗಳ ಕನ್ನಡಿಯಲ್ಲಿ ತನ್ನ ಹೆಗಲು ನೋಡಿಕೊಂಡ. "ಇದು ನಾನಲ್ಲ," ಎಂದ. "ಇದು ಯಾರೋ ಆಫೀಸಿನೋನು. ಈ ಹೆಗಲ ಮೇಲೆ ನನ್ನ ಚೀಲ ನಿಲ್ಲಲ್ಲ."

ಇಲಿ ಅಮ್ಮನ ಮೇಜಿನಿಂದ ಹೊಲಿಗೆ ಬಿಚ್ಚುವ ಸಣ್ಣ ಕತ್ತರಿ ತಂದು ಅಮ್ಮನ ಮುಂದೆ ಹಿಡಿದಳು. "ನೀನೇ ಬಿಚ್ಚಮ್ಮ. ನಾನು ಕೈ ಹಾಕಿದ್ರೆ ಹರಿಯುತ್ತೆ. ನನ್ನ ಹೆಸರೇ ಇಲಿ."

ಅಮ್ಮ ಕತ್ತರಿ ತೆಗೆದುಕೊಳ್ಳುವ ಮೊದಲು ಅಪ್ಪನ ಕಡೆ ನೋಡಿದಳು. ಅಪ್ಪ ತಲೆಯಾಡಿಸಿದ. ಆಮೇಲೆ ಅವಳು ಕನ್ನಡಕ ಏರಿಸಿ, ಬೇರೆ ಯಾರದೋ ಅಂಗಿ ಎನ್ನುವ ಹಾಗೆ, ಹಸಿ ಕಾಗದವನ್ನು ಅಂಚಿನಿಂದ ಬಿಡಿಸಿದಳು. ಕೆಳಗೆ ಬಿಳಿ ಪ್ಯಾಡು, ಅದರ ಸುತ್ತ ಅಕ್ಕಿಕಾಳಿನಷ್ಟು ಚಿಕ್ಕ ಹೊಲಿಗೆ. ಒಂದೊಂದೇ ಹೊಲಿಗೆ ಕತ್ತರಿಸುತ್ತಾ ಬಂದಳು. ಪ್ಯಾಡು ಸರಿದ ಹಾಗೆಲ್ಲ ಅಪ್ಪನ ಹೆಗಲು ಮತ್ತೆ ಕಾಣಿಸಿತು, ಸೂಜಿ ತೂತುಗಳ ಒಂದು ಸಾಲಿನೊಂದಿಗೆ.

"ತೂತು ಬಿದ್ದಿವೆ," ಎಂದಳು ಅಮ್ಮ. "ಮುಚ್ಚಿಕೊಡ್ತೀನಿ."

"ಬೇಡ. ಕೊನೇ ಹೊಲಿಗೆನೂ ಬಿಚ್ಚಬೇಡ," ಎಂದಳು ಇಲಿ.

"ಪ್ಯಾಡ್ ಜೋತಾಡುತ್ತೆ."

"ಜೋತಾಡಲಿ."

ಹಾಗೇ ಬಿಟ್ಟೆವು. ಇಳಿದ ಹೆಗಲು, ತೂತುಗಳು, ಒಂದೇ ದಾರದಲ್ಲಿ ಎದೆಯ ಮೇಲೆ ನೇತಾಡುವ ಬಿಳಿ ಹತ್ತಿ. ಗಾಡಿಯಲ್ಲಿ ಇಲಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಅಪ್ಪನೂ ಚೀಲ ಮನೆಯಲ್ಲೇ ಬಿಟ್ಟು, ಸ್ಟೂಲು ಹಿಡಿದು ನನ್ನ ಜೊತೆ ಹಿಂದೆ ಹತ್ತಿದ. ಅಮ್ಮ ಪಕ್ಕದಲ್ಲಿ ಕೂತು, ಪ್ರತಿ ತಿರುವಿನಲ್ಲೂ ಪ್ಯಾಡಿಗೆ ಅಂಗೈ ಅಡ್ಡ ಹಿಡಿದಳು.

ಕಲಾಶಾಲೆಯ ಉದ್ದನೆಯ ಹಾಲಿನಲ್ಲಿ ಇಲಿಯ ಕೆಲಸ ಒಂದು ದೊಡ್ಡ ಕಬ್ಬಿಣದ ಚಕ್ರಕ್ಕೂ ಪ್ಲಾಸ್ಟರಿನ ಕುದುರೆಗೂ ನಡುವೆ ನಿಂತಿತು. ನನಗೆ ಅದು ತುಂಬ ಹಗುರವಾಗಿ ಕಂಡಿತು, ಫ್ಯಾನ್ ಜೋರಾದರೆ ಹಾರಿಹೋಗುವಂತೆ. ಕಲ್ಲು ಮೇಷ್ಟ್ರು ಬಂದರು. ದಪ್ಪ ಕೈಗಳು, ಗಡ್ಡದಲ್ಲಿ ಧೂಳು.

"ಎಡಗಡೆ ಇಳಿದಿದೆ," ಎಂದು ಅಮ್ಮ ಅವರನ್ನೇ ನೋಡುತ್ತಾ ನನ್ನ ಕಿವಿಯಲ್ಲಿ ಹೇಳಿದಳು.

"ಅಮ್ಮ, ಸುಮ್ಮನಿರು."

ಮೇಷ್ಟ್ರು ಆಕೃತಿಯ ಸುತ್ತ ಒಂದು ಸುತ್ತು ಬಂದರು. ಬಗ್ಗಿ ಅಮ್ಮನ ಪೆನ್ಸಿಲ್ ಗುರುತುಗಳನ್ನು ಓದಿದರು. ತೂತುಗಳ ಹತ್ತಿರ ನಿಂತರು.

"ಈ ಹೊಲಿಗೆ ನಿಂದಾ?"

"ಅಮ್ಮಂದು ಸರ್. ನನಗೆ ಗೊತ್ತಿಲ್ಲದೆ ಹೆಗಲು ಸರಿಮಾಡಿದ್ರು. ಇವತ್ತು ಬೆಳಿಗ್ಗೆ ಅವರೇ ಬಿಚ್ಚಿದ್ರು. ಅಪ್ಪ ಇದ್ದ ಹಾಗಿದೆ ಈಗ, ಅಮ್ಮ ಮಾಡಿದ್ದೂ ಇದೆ."

ಅಪ್ಪ ಇದ್ದ ಜಾಗ ಹುಡುಕಲು ಮೇಷ್ಟ್ರಿಗೆ ಕಷ್ಟವಾಗಲಿಲ್ಲ; ಅಪ್ಪ ತನ್ನಷ್ಟಕ್ಕೆ ಕೈಯೆತ್ತಿದ. "ಬೇಕಾದ್ರೆ ಅಂಗಿ ಬಿಚ್ಚಿ ತೋರಿಸ್ತೀನಿ," ಎಂದ.

"ಬೇಡ, ಬೇಡ," ಎಂದರು ಮೇಷ್ಟ್ರು. ಆಮೇಲೆ ಆ ದಪ್ಪ ಬೆರಳನ್ನು ದಾರದ ಕೆಳಗೆ ತೂರಿಸಿ ಮೆಲ್ಲಗೆ ಎಳೆದರು. ಅಮ್ಮ ನನ್ನ ಮುಂಗೈ ಹಿಡಿದಳು. "ಇದು ಕಿತ್ತು ಬಂದರೆ ಏನು ಮಾಡ್ತೀಯ?"

"ಬರಲ್ಲ ಸರ್," ಎಂದಳು ಇಲಿ. "ಅಮ್ಮನ ಹೊಲಿಗೆ ಅದು."

ಇನ್ನೊಮ್ಮೆ ಎಳೆದರು. ದಾರ ಬಿಗಿಯಾಯಿತು, ಆಕೃತಿ ಸ್ಟೂಲಿನ ಸಮೇತ ಅವರ ಕಡೆಗೆ ಒಂದಿಷ್ಟು ವಾಲಿತು. ದಾರ ಬಿಡಲಿಲ್ಲ. ಅವರೇ ಗಾಬರಿಯಾಗಿ ಎರಡೂ ಕೈಯಿಂದ ಹಿಡಿದು ನೆಟ್ಟಗೆ ನಿಲ್ಲಿಸಿದರು. ಕೈಯನ್ನು ಕೂಡಲೇ ತೆಗೆಯಲಿಲ್ಲ.

"ಈ ಚಕ್ರದ ಪಕ್ಕ ಬೇಡ ಇದು," ಎಂದರು. "ಪ್ರದರ್ಶನದ ದಿನ ಬಾಗಿಲಿಗೆ ಎದುರಾಗಿ ಇಡಿ. ಬರೋರು ಮೊದಲು ಇದನ್ನ ನೋಡಲಿ."

ನಾನು ಕುದುರೆಗೆ ಒರಗಿಕೊಂಡುಬಿಟ್ಟೆ. ಯಾರೋ ವಿದ್ಯಾರ್ಥಿ ಬಂದು, "ಮೇಡಂ, ಇನ್ನೂ ಒಣಗಿಲ್ಲ," ಎಂದ. ನನ್ನ ತೋಳಿಗೆಲ್ಲ ಬಿಳಿ ಪ್ಲಾಸ್ಟರ್ ಮೆತ್ತಿಕೊಂಡಿತ್ತು.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಅಪ್ಪ ಅಮ್ಮ ಮುಂದಿನ ಸೀಟಿನಲ್ಲಿ, ನಾವಿಬ್ಬರು ಹಿಂದೆ. ಇಲಿ ನನ್ನ ಹೆಗಲ ಮೇಲೆ ತಲೆಯಿಟ್ಟು ಕಣ್ಣು ಮುಚ್ಚಿದ್ದಳು. ಅಪ್ಪ ಅಮ್ಮನ ಕಡೆ ತಿರುಗಿದ.

"ಆ ನೀಲಿ ಬಟ್ಟೆ ಕತ್ತರಿಸಿ ಇಟ್ಟಿದ್ಯಲ್ಲ, ಅಂಗಿಗೆ. ಇನ್ನು ಅದಕ್ಕೆ ಪ್ಯಾಡ್ ಹಾಕಲ್ಲ ಅಂತ ಕಾಣುತ್ತೆ."

"ಯಾಕೆ ಹಾಕಲ್ಲ? ಅದು ಕಾಗದ. ನೀವು ಬೀದೀಲಿ ಓಡಾಡೋರು."

ಅಪ್ಪ ತನ್ನ ಬಲ ಹೆಗಲು ಮುಟ್ಟಿ ನೋಡಿಕೊಂಡ. "ಹಾಗಾದ್ರೆ ಒಂದಿಷ್ಟು ತೆಳ್ಳಗೆ ಹಾಕು," ಎಂದ. "ಬೇಗ ಒಣಗಲಿ."