ಎದುರು ದಂಡೆಯ ಮೂರು ಮಾರು ಮರಳು

ನನ್ನ ಗಂಡ ತೊಕುಜಿ ಜಪಾನಿನ ಅಮಾಕುಸ ದ್ವೀಪದ ನಮ್ಮ ಊರಿನಲ್ಲಿ ಮೂವತ್ತೆಂಟು ವರ್ಷ ಕ್ಷೌರದಂಗಡಿ ನಡೆಸಿದವರು. ಸೋಮವಾರ ಅಂಗಡಿಗೆ ರಜೆ. ಆ ದಿನ ಬೆಳಗಾಗುವಷ್ಟರಲ್ಲಿ ರಬ್ಬರ್ ದೋಣಿಗೆ ಗಾಳಿ ತುಂಬಿಕೊಂಡು, ಪುಟ್ಟ ಎಂಜಿನ್ ಹಿಂದೆ ಸಿಕ್ಕಿಸಿ, ಕೊಲ್ಲಿಯ ಆಳವಿಲ್ಲದ ನೀರಿಗೆ ಕಾಣೆ ಮೀನು ಹಿಡಿಯಲು ಹೊರಟುಬಿಡುತ್ತಿದ್ದರು. ಲಕ್ವ ಹೊಡೆದು ಬಲಗೈ ಬಲಗಾಲು ಸೋತ ಮೇಲೆ ಅಂಗಡಿ ಮುಚ್ಚಿದೆವು. ಅಂಗಡಿ ಹೋದದ್ದಕ್ಕೆ ಅವರು ಒಂದು ದಿನವೂ ಕೊರಗಲಿಲ್ಲ. ಸೋಮವಾರ ಬಂದರೆ ಮಾತ್ರ ಊಟ ಸೇರುತ್ತಿರಲಿಲ್ಲ.

ಎರಡು ವರ್ಷ ನೋಡಿ ನೋಡಿ ನನಗೇ ತಡೆಯಲಾಗಲಿಲ್ಲ. “ದೋಣಿ ನಾನು ಬಿಡ್ತೀನಿ, ಕಲಿಸಿ” ಎಂದೆ.

“ನೀನಾ? ಶಾಲೆ ಅಡುಗೆಮನೇಲಿ ಸಾರಿನ ಹಂಡೆ ತಿರುವಿದ ಹಾಗಲ್ಲ ಕಣೇ ಇದು.”

“ಮುನ್ನೂರು ಮಕ್ಕಳ ಸಾರು ನೀವೊಂದು ದಿನ ತಿರುವಿ ನೋಡ್ಬೇಕಿತ್ತು.”

ಆ ವಸಂತವೆಲ್ಲ ಅವರು ದಡದಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಕೂತು ಬೈದರು, ನಾನು ಮೊಣಕಾಲುದ್ದ ನೀರಿನಲ್ಲಿ ನಿಂತು ಬೈಸಿಕೊಂಡೆ. ಬಿಸಿಲೇರಿದರೆ ದೋಣಿಯ ಗಾಳಿ ಹಿಗ್ಗುತ್ತದೆ, ಸ್ವಲ್ಪ ಬಿಡಬೇಕು. ಎಂಜಿನ್ನಿನ ಕೆಂಪು ದಾರ ಮಣಿಕಟ್ಟಿಗೆ ಕಟ್ಟಿಕೊಂಡೇ ಇರಬೇಕು. ನಾನು ನೀರಿಗೆ ಬಿದ್ದರೆ ದಾರ ಕಿತ್ತು ಎಂಜಿನ್ ನಿಲ್ಲುತ್ತದೆ. ದೋಣಿಯಲ್ಲಿ ಎದ್ದು ನಿಲ್ಲಕೂಡದು. ಹೊರಡುವ ಮುಂಚೆ ಯಾವಾಗ ಬರುತ್ತೇವೆಂದು ಒಬ್ಬರಿಗೆ ಹೇಳಿರಬೇಕು. ಒಬ್ಬಳೇ ಹತ್ತು ಸಲ ಹೋಗಿ ಬಂದ ಮೇಲೆ, ಮೇ ತಿಂಗಳ ಒಂದು ಸೋಮವಾರ ಅವರನ್ನು ಕೂರಿಸಿಕೊಂಡು ಹೊರಟೆ. ಪಕ್ಕದ ಮನೆಯವಳಿಗೆ ಹನ್ನೊಂದಕ್ಕೆ ವಾಪಸ್ಸು ಎಂದು ಹೇಳಿದ್ದೆ. ಮರಳಿನ ಮೇಲೆಯೇ ಅವರನ್ನು ದೋಣಿಯ ನಡುವೆ, ತಳಕ್ಕೆ ಅಂಟಿದ ಹಾಗೆ ಕೂರಿಸಿ, ತೇಲುವ ಜಾಕೆಟ್ಟಿನ ಪಟ್ಟಿ ಬಿಗಿದು, ಆಮೇಲೆ ನೀರಿಗೆ ತಳ್ಳಿದೆ.

ಎಡಗೈಯಲ್ಲಿ ಗಾಳ ಹಿಡಿದು ಒಂಬತ್ತು ಕಾಣೆ ಹಿಡಿದರು. ಒಂದೊಂದು ಬಂದಾಗಲೂ ಚಿಕ್ಕ ಮಗುವಿನ ಹಾಗೆ ನನ್ನ ಮುಖ ನೋಡುತ್ತಿದ್ದರು.

ಹತ್ತು ಗಂಟೆಯ ಹೊತ್ತಿಗೆ ಊರಿನ ಕಡೆಯಿಂದ ಗಾಳಿ ಎದ್ದಿತು. ದಡದ ಹತ್ತಿರ ನೀರು ಇನ್ನೂ ಕನ್ನಡಿಯಂತಿತ್ತು, ಹಾಗಾಗಿ ನನಗೆ ತಡವಾಗಿ ತಿಳಿಯಿತು. ಲಂಗರು ಎತ್ತಿ ಮನೆಯ ಕಡೆ ತಿರುಗಿಸುವಷ್ಟರಲ್ಲಿ ಅಲೆಗಳ ನೆತ್ತಿ ಬೆಳ್ಳಗಾಗಿತ್ತು. ದೋಣಿಯ ಮೂತಿ ಗಾಳಿಗೆ ಮೇಲೇಳುತ್ತಿತ್ತು, ನೀರು ಮುಖಕ್ಕೆ ಎರಚುತ್ತಿತ್ತು. ಕಡಲಪಾಚಿ ಬೆಳೆಸುವವರು ಗುರುತಿಗೆಂದು ತಳಕ್ಕೆ ಕಟ್ಟಿ ತೇಲಿಬಿಟ್ಟ ಕಿತ್ತಲೆ ಬಣ್ಣದ ಬುರುಡೆಯೊಂದು ನಮ್ಮ ಎಡಕ್ಕಿತ್ತು. ಹತ್ತು ನಿಮಿಷ ಎಂಜಿನ್ ಕಿರುಚಿದ ಮೇಲೂ ಅದು ಎಡಕ್ಕೇ ಇತ್ತು.

“ಇನ್ನೂ ಜೋರಾಗಿ ಬಿಡೇ! ಮನೆ ಕಡೆಗೇ ಹಿಡಿ!”

“ಇದಕ್ಕಿಂತ ಜೋರು ಇಲ್ಲ ರೀ. ಪೆಟ್ರೋಲ್ ಅರ್ಧ ಆಗಿದೆ. ಎದುರು ದಂಡೆಗೆ ಹೋಗೋಣ. ಗಾಳೀನೇ ಕರ್ಕೊಂಡು ಹೋಗುತ್ತೆ.”

“ಆ ದಂಡೆಗೆ ನಾನು ಯಾವತ್ತೂ ಹತ್ತಿದವನಲ್ಲ. ಮೂವತ್ತು ವರ್ಷ ಹೊರಟ ದಡಕ್ಕೇ ವಾಪಸ್ ಬಂದಿದೀನಿ!”

“ಇವತ್ತು ದೋಣಿ ನಂದು. ಗಟ್ಟಿಯಾಗಿ ಹಗ್ಗ ಹಿಡ್ಕೊಳ್ಳಿ.”

ಮದುವೆಯಾಗಿ ನಲವತ್ತೊಂದು ವರ್ಷದಲ್ಲಿ ಅವರಿಗೆ ಹಾಗೆ ಎದುರು ಹೇಳಿದ್ದು ಅದೇ ಮೊದಲು. ಮೂತಿ ತಿರುಗಿಸಿದೆ. ಗಾಳಿ ಬೆನ್ನಿಗೆ ಬಂದದ್ದೇ ಎರಚಲು ನಿಂತಿತು. ಅವರು ಎಡಗೈಯಲ್ಲಿ ಹಗ್ಗ ಬಿಗಿಯಾಗಿ ಹಿಡಿದರು.

ಎದುರು ದಂಡೆ ಹತ್ತಿರವಾದಂತೆ ಹೊಸ ಭಯ ಶುರುವಾಯಿತು. ಅಲ್ಲೆಲ್ಲ ಬಂಡೆ, ಬಂಡೆಯ ತುಂಬ ಚೂಪು ಚಿಪ್ಪು. ನಮ್ಮ ದೋಣಿಯ ಹೊಟ್ಟೆಗೆ ಒಂದು ತಾಗಿದರೆ ಸಾಕು. ಎಂಜಿನ್ ಸಣ್ಣಗೆ ಮಾಡಿ ಕಣ್ಣು ಕೀಲಿಸಿ ನೋಡುತ್ತಿರುವಾಗ ಮೇಲಿನ ಕಿತ್ತಲೆ ತೋಟದಿಂದ ಯಾರೋ ಕೂಗಿದರು. ಬೆನ್ನು ಬಾಗಿದ ಒಬ್ಬಳು ಮುದುಕಿ, ತಲೆಗೆ ಕಟ್ಟಿದ ಬಟ್ಟೆ ಬಿಚ್ಚಿ ಬೀಸುತ್ತಿದ್ದಳು.

“ಅಲ್ಲಿ ಬೇಡ ಕಣಮ್ಮಾ! ಅಲ್ಲೆಲ್ಲ ಚಿಪ್ಪು! ಎಡಕ್ಕೆ ಬಾ, ಇನ್ನೂ ಎಡಕ್ಕೆ! ನಾನು ಹೋಗಿ ನಿಲ್ಲೋ ಕಡೆ ಮರಳೈತೆ!”

ಅವಳು ಓಡಿಬಂದು ನಿಂತಲ್ಲಿ ಎರಡು ಬಂಡೆಗಳ ನಡುವೆ ಮೂರು ಮಾರು ಅಗಲದ ಮರಳು. ಸೊಂಟದುದ್ದ ನೀರಿಗೆ ಬಂದಾಗ ಎಂಜಿನ್ ನಿಲ್ಲಿಸಿ ಮೇಲಕ್ಕೆತ್ತಿದೆ. ಗಾಬರಿಯಲ್ಲಿ ದಡದ ಕಡೆಯಿಂದಲೇ ಧುಮುಕಲು ಹೋದೆ.

“ಕಡಲ ಕಡೆಯಿಂದ ಇಳಿಯೇ!” ತೊಕುಜಿ ಗುಡುಗಿದರು. “ದೋಣಿಗೂ ದಡಕ್ಕೂ ನಡುವೆ ನಿಂತ್ರೆ ಅಲೆ ನಿನ್ ಮೇಲೇ ನೂಕುತ್ತೆ!”

ಕಡಲ ಕಡೆಗೆ ಇಳಿದೆ. ಹಿಂದೆಯೇ ಬಂದ ಅಲೆ ದೋಣಿಯನ್ನು ಎತ್ತಿ ಮರಳಿಗೆ ಒಗೆಯಿತು. ನಾನು ಅತ್ತ ನಿಂತಿದ್ದರೆ ನನ್ನ ಕಾಲು ಉಳಿಯುತ್ತಿರಲಿಲ್ಲ.

ಮುದುಕಿಯ ಹೆಸರು ಇತೊಯೊ. ತೊಕುಜಿ ಏಳಲಾರರೆಂದು ಕಂಡದ್ದೇ ತೋಟದ ಕಡೆ ತಿರುಗಿ ಅಳಿಯನನ್ನು ಕೂಗಿದಳು. ಅಳಿಯ ಯಸುತಾಕ ಹಣ್ಣಿನ ಬುಟ್ಟಿ ಸಾಗಿಸುವ ಒಂಟಿಗಾಲಿಯ ಕೈಗಾಡಿ ತಂದ. ನಾನೂ ಅವನೂ ಸೇರಿ ನನ್ನ ಗಂಡನನ್ನು ಎತ್ತಿ ಅದರಲ್ಲಿ ಕೂರಿಸಿದೆವು.

“ಅಣ್ಣಾ, ಬಿಗಿಯಾಗಿ ಕೂತ್ಕೊ. ಹೋದ ವಾರ ಇದರಲ್ಲೇ ಗೊಬ್ಬರ ಹೊತ್ತಿದ್ದು,” ಎಂದಳು ಇತೊಯೊ.

“ಅದಕ್ಕೇ ಇಷ್ಟು ಸುವಾಸನೆ,” ಎಂದರು ಅವರು. ಆಮೇಲೆ ನಕ್ಕರು. ಲಕ್ವ ಹೊಡೆದ ಮೇಲೆ ಅವರು ಬಾಯಿಬಿಟ್ಟು ನಕ್ಕದ್ದನ್ನು ನಾನು ನೋಡಿರಲಿಲ್ಲ. ಗಾಡಿ ಅಲುಗಿದಂತೆಲ್ಲ ಇನ್ನಷ್ಟು ನಕ್ಕರು.

ಒಣ ಬಟ್ಟೆ ಕೊಟ್ಟರು, ಹುದುಗಿಸಿದ ಸೋಯಾದ ಬಿಸಿ ಮಿಸೊ ಸಾರು ಕೊಟ್ಟರು. ನಾನು ಪಕ್ಕದ ಮನೆಗೆ ಫೋನ್ ಮಾಡಿ ದಡ ಸೇರಿದ ಸುದ್ದಿ ಹೇಳಿದೆ. ಒಂಬತ್ತು ಕಾಣೆಯನ್ನೂ ಇತೊಯೊ ಅಕ್ಕನ ಅಡುಗೆಮನೆಯಲ್ಲಿ ನಾನೇ ಕೊಯ್ದು ಹಿಟ್ಟಿನಲ್ಲಿ ಅದ್ದಿ ಕರಿದೆ. ಐದು ಸಲ ಬಾಗಿ ನಮಸ್ಕರಿಸಿದೆ. ಆರನೆಯದಕ್ಕೆ ಅಕ್ಕ ಗದರಿದಳು: “ಸಾಕು ಬಿಡೇ, ನಿನ್ ಸೊಂಟಾನೂ ನನ್ನ ಹಾಗೇ ಆದೀತು.”

ಸಂಜೆ ಯಸುತಾಕ ತನ್ನ ಪುಟ್ಟ ಲಾರಿಯಲ್ಲಿ ಕೊಲ್ಲಿಯ ಸುತ್ತಿನ ರಸ್ತೆಯಿಂದ ನಮ್ಮನ್ನು ಮನೆಗೆ ಬಿಟ್ಟ. ಗಾಳಿ ಬಿಟ್ಟ ದೋಣಿ ಹಾಸಿಗೆಯ ಹಾಗೆ ಸುತ್ತಿಕೊಂಡು ಹಿಂದೆ ಮಲಗಿತ್ತು. ಅವನು ಹೋದ ಮೇಲೆ ನಾನು ದೋಣಿಯನ್ನು ಅಂಗಳದಲ್ಲಿ ಹರಡಿ ಉಪ್ಪು ತೊಳೆಯತೊಡಗಿದೆ. ತೊಕುಜಿ ಕುರ್ಚಿಯಲ್ಲಿ ಕೂತು ಎಡಗೈಯಲ್ಲಿ ನೀರಿನ ಪೈಪು ಹಿಡಿದಿದ್ದರು.

“ನಾನಾಗಿದ್ರೆ,” ಎಂದರು, “ಮನೆ ಕಡೆಗೇ ಹಿಡೀತಿದ್ದೆ. ಪೆಟ್ರೋಲ್ ಮುಗಿಯೋವರೆಗೂ ಹಿಡೀತಿದ್ದೆ.”

ನಾನು ತಳ ಉಜ್ಜುತ್ತಲೇ ಇದ್ದೆ.

“ಮಸುಯೊ,” ಎಂದರು. ಅವರು ನನ್ನನ್ನು ಹೆಸರು ಹಿಡಿದು ಕರೆಯುವುದು ಕಡಿಮೆ. “ನಿನ್ನಿಂದ ಬದುಕಿದೆ ಕಣೇ. ಇವತ್ತೊಂದಕ್ಕೇ ಅಲ್ಲ ಹೇಳ್ತಿರೋದು.”

ತಿರುಗಿ ನೋಡಿದರೆ ಅತ್ತುಬಿಡುತ್ತೇನೆಂದು, “ಈ ಕಡೆ ನೀರು ಬಿಡಿ, ಇಲ್ಲಿನ್ನೂ ಮರಳಿದೆ” ಎಂದೆ. ಅವರು ಪೈಪನ್ನು ನಾನು ತೋರಿಸಿದ ಕಡೆಗೆ ಹಿಡಿದರು.