ಗುದ್ರುನ್ ಅತ್ತೆಯ ಕೋಣೆಯ ಬಾಗಿಲು

ನಮ್ಮ ಮನೆ ರೈಲುಡಬ್ಬಿಯ ಹಾಗೆ ಉದ್ದ. ಈ ತುದಿಗೆ ಹಜಾರ, ಆ ತುದಿಗೆ ನನ್ನ ಮಗಳು ಸುನ್ನಿವಾಳ ಕೋಣೆ, ನಡುವೆ ಗುದ್ರುನ್ ಅತ್ತೆಯದು. ಚಳಿಗಾಲ ಬಂತೆಂದರೆ ಬೇಡದ ಕೋಣೆಗಳನ್ನು ಮುಚ್ಚಿ, ಬೆಂಕಿ ಇದ್ದ ಕಡೆ ಬದುಕುವುದು ನಮ್ಮ ಕಣಿವೆಯ ರೂಢಿ. ಹೋದ ವರ್ಷ ಅತ್ತೆ ತೀರಿಕೊಂಡ ಮೇಲೆ ಮಾವ ಹಲ್ವಾರ್ ಆ ಕೋಣೆಯನ್ನು ಮುಚ್ಚಿದವರು, ಬೇಸಿಗೆಯಲ್ಲೂ ತೆರೆಯಲಿಲ್ಲ. ಮಗಳ ಕೋಣೆಗೆ ನಾವು ಸೌದೆಮನೆಯ ಒಳಗಿಂದ ಸುತ್ತಿಕೊಂಡು ಹೋಗುತ್ತಿದ್ದೆವು. ಯಾರೂ ಏನೂ ಕೇಳಲಿಲ್ಲ.

ಸುನ್ನಿವಾಳಿಗೆ ಉಬ್ಬಸ. ಅವಳ ಕೋಣೆಯ ಸೌದೆ ಒಲೆಯನ್ನು ಇನ್ನು ಹೊತ್ತಿಸಲೇಬಾರದು ಎಂದರು ಡಾಕ್ಟರು. ಗಂಡ ಸಮುದ್ರದ ಎಣ್ಣೆಬಾವಿಯ ಪಾಳಿಗೆ ಹೋಗಿದ್ದ. ಕರೆಂಟಿನಲ್ಲಿ ಮನೆ ಬಿಸಿ ಮಾಡುವ ಹೀಟ್ ಪಂಪ್ ಹಾಕುವ ಯೋಸ್ತೈನನನ್ನು ನಾನೇ ಕರೆಸಿದೆ.

ಅವನು ಮನೆಯೆಲ್ಲ ನೋಡಿ ಹಜಾರದ ಗೋಡೆ ತೋರಿಸಿದ. “ಇಲ್ಲಿ ಒಂದೇ ಸಾಕು. ಚಳೀಲಿ ಬಿಸಿ, ಸೆಕೇಲಿ ತಂಪು. ಆದ್ರೆ ಗಾಳಿ ಹಾಯೋಕೆ ನಡುವಿನ ಕೋಣೆಯ ಎರಡು ಬಾಗಿಲೂ ಹಗಲೂ ರಾತ್ರಿ ತೆರೆದಿರ್ಬೇಕು. ಮುಚ್ಚಿದ್ರೆ ಹಜಾರ ಬೇಯುತ್ತೆ, ಮಗು ನಡುಗುತ್ತೆ.”

“ಬಾಗಿಲು ತೆಗೆದಿಟ್ಟು ಶಾಖ ಉಳಿಸ್ತೀಯಾ?” ಮಾವ ಗದರಿದರು. “ಒಲೆ ಕಟ್ತಿದ್ದ ನಿಮ್ಮಪ್ಪ ನಿಂಗೆ ಇದೇನಾ ಕಲ್ಸಿದ್ದು?”

“ನಮ್ಮಪ್ಪಂಗೆ ಒಲೆ ಗೊತ್ತಿತ್ತು ಅಜ್ಜ, ಇದು ಗೊತ್ತಿರ್ಲಿಲ್ಲ.”

“ಮಗು ಕೋಣೇಲೇ ಇನ್ನೊಂದು ಕೂರಿಸೋಕಾಗಲ್ವಾ?” ಎಂದೆ.

“ಆ ಕಡೆ ವೈರಿಂಗ್ ಹಳೇದು ಅಕ್ಕ, ತಡೆಯಲ್ಲ. ಬಂಡೆ ಕೊರೆದು ನೆಲದಾಳದ ಶಾಖ ತರ್ಬಹುದು. ಆದ್ರೆ ಹಿಮ ಕರಗೋ ತನಕ ಆ ಕೊರೆಯೋ ಗಾಡಿ ಇಲ್ಲಿಗೆ ಹತ್ತಲ್ಲ.”

ಅಷ್ಟು ದಿನ ಮಗು ಕಾಯುವ ಹಾಗಿರಲಿಲ್ಲ. ಯೋಸ್ತೈನ್ ಅಳತೆಪಟ್ಟಿ ಸುತ್ತಿಕೊಂಡು ಹೊರಗೆ ನಿಂತ. ನಾನು ಮಾವನ ಬಟ್ಟಲಿಗೆ ಕಾಫಿ ಬಗ್ಗಿಸಿ ಪಕ್ಕದಲ್ಲಿ ಕೂತೆ.

“ಮಾವ, ಆ ಕೋಣೇಲಿ ನಾನು ಒಂದು ಸಾಮಾನೂ ಕದಲಿಸಲ್ಲ.”

“ಸಾಮಾನಲ್ಲಮ್ಮ.” ಅವರು ಬಟ್ಟಲನ್ನೇ ನೋಡುತ್ತಿದ್ದರು. “ತಣ್ಣಗಿದ್ರೆ ಅವಳ ವಾಸನೆ ಹಾಗೇ ಇರುತ್ತೆ. ದಿಂಬಲ್ಲಿ, ಉಣ್ಣೆ ಕೋಟಲ್ಲಿ. ಬಿಸಿಗಾಳಿ ಹಾದ್ರೆ ಹೋಗ್ಬಿಡುತ್ತೆ.”

ಸೌದೆಮನೆಯ ಆಚೆಯಿಂದ ಸುನ್ನಿವಾಳ ಕೆಮ್ಮು ಕೇಳಿಸಿತು. ಒಮ್ಮೆ ಶುರುವಾದರೆ ಅದು ಬೇಗ ನಿಲ್ಲುವುದಿಲ್ಲ. ಅದು ನಿಲ್ಲುವವರೆಗೂ ಮಾವ ಕೇಳಿಸಿಕೊಂಡರು. ಆಮೇಲೆ ಎದ್ದು ಅತ್ತೆಯ ಕೋಣೆಗೆ ಹೋಗಿ ಒಳಗಿನಿಂದ ಬಾಗಿಲು ಹಾಕಿಕೊಂಡರು. ನಾನು ಪಾತ್ರೆ ತೊಳೆದೆ, ಬಟ್ಟೆ ಮಡಿಸಿದೆ, ಆಲೂಗಡ್ಡೆ ಸುಲಿದೆ. ಮಾವ ಹೊರಬಂದಾಗ ಅವರ ಕಣ್ಣು ಕೆಂಪಾಗಿತ್ತು.

“ಆ ಹುಡುಗನ್ನ ಒಳಗೆ ಕರಿ. ಹೆಪ್ಪುಗಟ್ಟಿ ಹೋದಾನು.”

ವಾರದೊಳಗೆ ಯಂತ್ರ ಗೋಡೆಗೆ ಬಂತು. ಯೋಸ್ತೈನ್ ಅದನ್ನು ಚಾಲೂ ಮಾಡಿದಾಗ ಮಾವ ನಡುವಿನ ಎರಡು ಬಾಗಿಲನ್ನೂ ತಾವೇ ತೆರೆದು, ಮುಚ್ಚಿಕೊಳ್ಳದಂತೆ ಕೆಳಗೆ ಸೌದೆತುಂಡು ಸಿಕ್ಕಿಸಿದರು. ಅತ್ತೆಯ ಮಂಚವನ್ನು ದಾಟಿ ಹೋಗಿ ಮೊಮ್ಮಗಳ ಹೊಸ್ತಿಲಲ್ಲಿ ಅಂಗೈ ಚಾಚಿ ನಿಂತರು.

“ಬಿಸಿ ಬಂತಾ ಅಜ್ಜ?” ಹಾಸಿಗೆಯಿಂದಲೇ ಕೇಳಿದಳು ಸುನ್ನಿವಾ.

“ತಡಿಯೇ ಪುಟ್ಟಿ. ನಿಮ್ಮಜ್ಜಿ ಕೋಣೆ ದಾಟಿ ಬರ್ಬೇಕಲ್ಲ,” ಎಂದರು ಮಾವ.