ಹಾಲು ಒಡೆಯುವ ಉಪ್ಪು

ಜ್ವರ ಎಂದು ಮಲಗಿದ ಮಗ ಏಳಲೇ ಇಲ್ಲ. ಅಂದಿನಿಂದ ಸೊಸೆಯ ಊಟ ನಿಂತಿತು. ಎರಡು ತುತ್ತು ಕಲಸುವುದು, ತಟ್ಟೆಯ ಅಂಚಿಗೆ ತಳ್ಳುವುದು, "ಸಾಕು ಅತ್ತೆ" ಅನ್ನುವುದು. ಗುಬ್ಬಿಯೂ ಅದಕ್ಕಿಂತ ಹೆಚ್ಚು ತಿಂದೀತು. ನಾನೋ, ತಲೆಗೂದಲು ಕಪ್ಪಿದ್ದಾಗಿನಿಂದ ಈ ಓಣಿಯಲ್ಲಿ ಸಸ್ಯಾಹಾರಿ ಮೆಸ್ ನಡೆಸುವವಳು. ಬಂದವರೆಲ್ಲ ಬೆರಳು ನೆಕ್ಕಿಕೊಂಡು ಹೋಗುತ್ತಾರೆ, ಮನೆಯವಳು ಮಾತ್ರ ಕಡ್ಡಿಯಾಗುತ್ತಿದ್ದಾಳೆ. ಎಂಥಾ ಕರ್ಮ!

ಅವಳು ಬೇರೆ ದೇಶದವಳು, ಮಗನೇ ಮೆಚ್ಚಿ ಕರೆತಂದವಳು. ನಮ್ಮ ಮಾತನ್ನು ನನ್ನ ಬೈಗುಳದಿಂದಲೇ ಕಲಿತಳು. ಈಗ ಮನೆಯಲ್ಲಿ ನಾವಿಬ್ಬರೇ. ನನ್ನ ಮಗನ ಗೊರಕೆ ಹೇಗಿತ್ತು, ಸುಳ್ಳು ಹೇಳುವಾಗ ಯಾವ ಕಿವಿ ಕೆರೆದುಕೊಳ್ಳುತ್ತಿದ್ದ ಎಂದು ಬಲ್ಲವರು ಈ ಭೂಮಿಯ ಮೇಲೆ ಇನ್ನು ಇಬ್ಬರೇ. ಇವಳೂ ಹೋದರೆ ನಾನು ಯಾರ ಹತ್ತಿರ ಅವನ ಮಾತಾಡಲಿ? ಗೋಡೆಯ ಹತ್ತಿರವೇ?

ಅವಳಮ್ಮ ಫೋನಿನಲ್ಲಿ ದಿನವೂ ತವರಿಗೆ ಬಂದುಬಿಡು ಎಂದು ಕರೆಯುತ್ತಿದ್ದಳು. ಸೊಸೆ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಎದುರಂಗಡಿಯ ದರ್ಜಿ ಊಟಕ್ಕೆ ಬಂದವನು, "ಅಕ್ಕಾ, ಅವಳ ಬಾಯಿಗೆ ಹಿಡಿಸೋದನ್ನ ಮಾಡಿಕೊಡಿ. ಹೊಟ್ಟೆ ತುಂಬೋ ಮನೇನ ಯಾರೂ ಬಿಟ್ಟು ಹೋಗಲ್ಲ" ಎಂದ. ಸರಿ ಎನಿಸಿತು.

ಅವಳ ಬಾಯಿಗೆ ಹಿಡಿಸುವುದು ಎಂದರೆ ತೋಫು, ಸೋಯಾ ಹಾಲಿನ ಪನೀರು. ಅವಳಿಗಾಗಿ ಅದನ್ನು ಕಲಿತು ಮಾಡುತ್ತಿದ್ದವನು ಮಗ. "ಅಮ್ಮಾ, ನಿನ್ನ ಸಾರು ಬೈದ ಹಾಗಿರುತ್ತೆ, ಇದು ಸಮಾಧಾನ ಮಾಡಿದ ಹಾಗಿರುತ್ತೆ" ಎಂದು ರೇಗಿಸುತ್ತಿದ್ದ. ಉಪ್ಪಿಲ್ಲ, ಹುಳಿಯಿಲ್ಲ ಎಂದು ನಾನು ಒಂದು ದಿನವೂ ಮುಟ್ಟಿರಲಿಲ್ಲ.

ಸೋಯಾ ಕಾಳು ನೆನೆಹಾಕಿ, ರುಬ್ಬಿ, ಬಟ್ಟೆಯಲ್ಲಿ ಹಿಂಡಿ ಹಾಲು ಕಾಯಿಸಿದೆ. ಪನೀರಿಗೆ ಹಾಕುವ ಹಾಗೆ ನಿಂಬೆರಸ ಹಾಕಿದೆ. ಗಟ್ಟಿಯಾಯಿತು, ಆದರೆ ಹುಳಿಯೋ ಹುಳಿ. ಸೊಸೆ ನನ್ನ ಮುಖ ನೋಡಿ ಕಷ್ಟಪಟ್ಟು ನುಂಗಿದಳು. ಇನ್ನೊಂದು ಸಲ ತಳ ಹಿಡಿಯಿತು. ಸಿಟ್ಟಿನಲ್ಲಿ ಸೌಟು ಎಸೆದೆ. "ಹೋಗೋನು ಇದೊಂದನ್ನಾದ್ರೂ ಹೇಳಿಕೊಟ್ಟು ಹೋಗಬಾರದಿತ್ತೇನೋ!" ಎಂದು ಸತ್ತವನಿಗೇ ಬೈದೆ. ಅಳು ಒತ್ತರಿಸಿ ಬಂತು.

ಮೇಲಿನ ಹಲಗೆಯಲ್ಲಿ ಅವನ ಡಬ್ಬಿ ಸಿಕ್ಕಿತು. ತಳದಲ್ಲಿ ಒಂದು ಚಮಚದಷ್ಟು ಕಹಿ ಉಪ್ಪು, ಅವಳ ತವರಿನಿಂದ ಬಂದದ್ದು. ಅದನ್ನು ನೀರಿನಲ್ಲಿ ಕರಗಿಸಿ ಅವನು ಬಿಸಿ ಹಾಲಿಗೆ ಸ್ವಲ್ಪ ಸ್ವಲ್ಪವೇ ಬಿಡುತ್ತಿದ್ದುದು, ಕಲಕದೆ ಕಾಯುತ್ತಿದ್ದುದು ಕಣ್ಣಿಗೆ ಕಟ್ಟಿತು. ಹಾಗೆಯೇ ಮಾಡಿದೆ. ಹಾಲು ಮೆಲ್ಲಗೆ ಒಡೆಯಿತು. ಬಟ್ಟೆಯಲ್ಲಿ ಕಟ್ಟಿ ಮೇಲೆ ಕಲ್ಲು ಹೇರಿದೆ. ಆಮೇಲೆ ತುಂಡು ಮಾಡಿ, ಶುಂಠಿ, ಈರುಳ್ಳಿ ಸೊಪ್ಪು ಉದುರಿಸಿ, ಸೋಯಾ ಸಾಸ್ ಹನಿಸಿ ಅವಳ ಮುಂದಿಟ್ಟೆ.

ತಿಂದಳು. ಖಾಲಿ ತಟ್ಟೆಯನ್ನು ಮತ್ತೆ ಚಾಚಿದಳು! ನನಗೆ ಹೋದ ಜೀವ ಬಂದಂತಾಯಿತು. ಗೆದ್ದೆ ಅಂದುಕೊಂಡೆ. ಅಷ್ಟರಲ್ಲಿ ತಿನ್ನುತ್ತ ತಿನ್ನುತ್ತಲೇ ಅವಳು ಅಳತೊಡಗಿದಳು.

"ನಮ್ಮಮ್ಮನ ಕೈರುಚಿ, ಅತ್ತೆ."

"ಹಾಗಾದ್ರೆ ದಿನಾ ಮಾಡ್ತೀನಿ ಕಣೇ. ಆ ಉಪ್ಪು ಎಲ್ಲಿಂದಾದ್ರೂ ತರಿಸೋಣ."

ಅವಳು ನನ್ನ ಕೈ ಹಿಡಿದುಕೊಂಡಳು. "ಇಷ್ಟು ದಿನ ಹಸಿವೂ ಇರ್ಲಿಲ್ಲ, ಅಮ್ಮ ಬೇಕು ಅಂತಾನೂ ಅನ್ನಿಸ್ಲಿಲ್ಲ. ಈಗ ಎರಡೂ ಬಂತು. ನಾನು ಹೋಗ್ತೀನಿ ಅತ್ತೆ."

"ಹೋಗಿ ಬರ್ತೀನಿ ಅನ್ನಬೇಕು ಕಣೇ."

ಬರೀ 'ಹೋಗ್ತೀನಿ' ಅನ್ನಬಾರದೆಂದು ಅವಳು ಬಂದ ಹೊಸದರಲ್ಲೇ ಕಲಿಸಿದ್ದೆ. ಮರೆತಿರಲಿಲ್ಲ ಅವಳು. ತಲೆ ತಗ್ಗಿಸಿ ಕೂತಳು, ಅನ್ನಲಿಲ್ಲ.

ನನ್ನ ಕೈಯಾರೆ ನಾನೇ ಉಣಿಸಿ ಕಳಿಸಿಬಿಟ್ಟೆ. ಒಳಗೆ ಅವಳು ಮಂಚದಡಿಯಿಂದ ಪೆಟ್ಟಿಗೆ ಎಳೆಯುವ ಸದ್ದಾಯಿತು. ಪಾತ್ರೆಯಲ್ಲಿ ಒಂದು ತುಂಡು ಉಳಿದಿತ್ತು. ಮೊದಲ ಸಲ ಬಾಯಿಗೆ ಹಾಕಿಕೊಂಡೆ.

ರುಚಿಯಾಗಿತ್ತು, ಹಾಳಾದ್ದು. ಹೇಳೋಣವೆಂದರೆ ಅವನಿರಲಿಲ್ಲ.